9 ಅಡಿ ಲಾಂಗ್‌ಬೋರ್ಡಿಗೆ ಒಂದು ಫಿನ್ ಸಾಕಾ, ಮೂರು ಬೇಕಾ?

ಕಲಬುರಗಿಯಿಂದ ಮುಲ್ಕಿಗೆ ಸರ್ಫಿಂಗಿಗೆ ಹೋಗುವ ನೀವು, ಲಾಂಗ್‌ಬೋರ್ಡ್ (ಅಲೆ ಮೇಲೆ ಸವಾರಿ ಮಾಡುವ ಉದ್ದನೆಯ ಹಲಗೆ) ತಿರುಗುತ್ತಿಲ್ಲ, ತಳದಲ್ಲಿ ಮೂರು ಫಿನ್ (ಮೀನಿನ ರೆಕ್ಕೆಯಂಥವು) ಇವೆ ಎಂದು ಕೇಳಿದ್ದೀರಿ. ಬೋರ್ಡ್ ತಿರುಗುತ್ತಲೇ ಇಲ್ಲ ಎಂದರೆ ನಡುವಿನ ಫಿನ್ ಬಾಕ್ಸ್‌ನಲ್ಲಿ, ಅಂದರೆ ಫಿನ್ ಕೂರಿಸುವ ಉದ್ದ ಸೀಳಿನಲ್ಲಿ, ತೀರಾ ಹಿಂದಕ್ಕೆ ಕೂತಿರಬೇಕು. ಅದೂ 10 ಇಂಚಿನದ್ದು, ಜೊತೆಗೆ ಪಕ್ಕದ ಎರಡು ಬೇರೆ. ಹೊಸಬರಿಗೆ ಜಾಸ್ತಿಯೇ ಆಯಿತು.

ಮೊದಲು ಪಕ್ಕದ ಎರಡನ್ನೂ ಬಿಚ್ಚಿ. ಒಂದೇ ಫಿನ್ ಹಾಕುವಾಗ ಬೋರ್ಡಿನ ಉದ್ದದ ಒಂದೊಂದು ಅಡಿಗೆ ಒಂದು ಇಂಚು ಅಂತ ಲೆಕ್ಕ. ನಿಮ್ಮ ಬೋರ್ಡಿಗೆ 9 ಇಂಚು ಸಾಕು. ಅದನ್ನು ಬಾಕ್ಸ್‌ನ ಮಧ್ಯಕ್ಕೆ ಕೂರಿಸಿ. ಮುಂದಕ್ಕೆ ಸರಿಸಿದಷ್ಟೂ ಬೋರ್ಡ್ ಸಲೀಸಾಗಿ ತಿರುಗುತ್ತದೆ, ಹಿಂದಕ್ಕೆ ಸರಿಸಿದಷ್ಟೂ ನೇರ ಓಡುತ್ತದೆ. ಒಂದು ಸಲಕ್ಕೆ ಅರ್ಧ ಇಂಚು ಮಾತ್ರ ಸರಿಸಿ, ನಾಲ್ಕಾರು ಅಲೆ ಹಿಡಿದು ನೋಡಿ.

ಕಡಿದಾದ ಅಲೆಯಲ್ಲಿ ಬೋರ್ಡಿನ ಹಿಂಭಾಗ ಜಾರಿದರೆ ಆಗ ನಡುವೆ 7 ಇಂಚಿನದ್ದು, ಪಕ್ಕಕ್ಕೆ ಎರಡು ಚಿಕ್ಕವು ಹಾಕಿ. ಮುಲ್ಕಿಯಲ್ಲಿ ಅಲೆ ಸಣ್ಣದಿರುವ ದಿನಗಳಲ್ಲಿ ಅದು ಬೇಕಾಗಲಿಕ್ಕಿಲ್ಲ. ಪಕ್ಕದ ಬಾಕ್ಸ್ ಎಫ್‌ಸಿಎಸ್ಸೋ ಫ್ಯೂಚರ್ಸೋ (ಎರಡೂ ಫಿನ್ ಕಂಪನಿಗಳು), ಫೋಟೋ ಇಲ್ಲದೆ ಹೇಳುವುದು ಕಷ್ಟ. ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ, ನೋಡಿಯೇ ಕೊಳ್ಳಿ.

ಕಲಬುರಗಿಯಿಂದ ಹೊರಡುವಾಗ ಫಿನ್ ಬಿಚ್ಚಿ ಬೇರೆ ಸುತ್ತಿಡಿ. ದೂರದ ದಾರಿ, ಸುಮ್ನೆ ಬಾಕ್ಸ್ ಒಡೆದುಕೊಳ್ಳಬೇಡಿ. ಸ್ಕ್ರೂ ಮತ್ತು ಅದರ ಪುಟ್ಟ ಪ್ಲೇಟು ಎರಡೆರಡು ಜೊತೆಗಿರಲಿ. ಮರಳಲ್ಲಿ ಬಿದ್ದರೆ ಸಿಗುವುದಿಲ್ಲ, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಂತೂ ಆ ಪ್ಲೇಟು ಕೇಳಲೇಬೇಡಿ.