ಮಣ್ಣಿನಲ್ಲಿರುವ ಶಿಲೀಂಧ್ರಗಳನ್ನು ತಿಳಿಯಲು ಪ್ಲೇಟ್‌ನಲ್ಲಿ ಬೆಳೆಸಿ ನೋಡಿದರೆ ಸಾಲದೇ? ಡಿಎನ್‌ಎ ಯಾಕೆ ಬೇಕು?

ಸಾಲದು. ಅಗರ್ ಎಂಬ ಜೆಲ್ಲಿ ಹಾಕಿದ ಪ್ಲೇಟ್ ಮೇಲೆ ಪೆನಿಸಿಲಿಯಂ, ಟ್ರೈಕೋಡರ್ಮಾದಂಥ ಬೇಗ ಬೆಳೆಯುವವೇ ಜಾಸ್ತಿ ಕಾಣುತ್ತವೆ. ಜೀವಂತ ಬೇರಿಲ್ಲದೆ ಬದುಕದ ಆರ್ಬಸ್ಕುಲರ್ ಮೈಕೊರೈಜಾ ಎಂಬ ಶಿಲೀಂಧ್ರಗಳ ಗುಂಪು ಅಲ್ಲಿ ಬರುವುದೇ ಇಲ್ಲ.

ಅದಕ್ಕೇ ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆಯುತ್ತಾರೆ. ಸಾಮಾನ್ಯವಾಗಿ ಕಾಲು ಗ್ರಾಂ ಮಣ್ಣು ಸಾಕು. ಸಣ್ಣ ಮಣಿಗಳ ಜೊತೆ ಟ್ಯೂಬಿಗೆ ಹಾಕಿ ಜೋರಾಗಿ ಅಲುಗಾಡಿಸಿದರೆ ಗಟ್ಟಿ ಕೋಶಗೋಡೆ ಒಡೆಯುತ್ತದೆ. ಇಲ್ಲೇ ತೊಡಕು: ಕೊಳೆತ ಸಸ್ಯಗಳಿಂದ ಮಣ್ಣಿಗೆ ಸೇರುವ ಕಂದು ವಸ್ತು, ಅಂದರೆ ಹ್ಯೂಮಿಕ್ ಆಮ್ಲವೂ ಜೊತೆಗೆ ಬಂದುಬಿಡುತ್ತದೆ. ದ್ರಾವಣ ಕಂದು ಬಣ್ಣದ್ದಾಗಿ ಕಂಡರೆ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕೈಕೊಡುವ ಸಾಧ್ಯತೆ ಹೆಚ್ಚು. ಮತ್ತೆ ಶುದ್ಧ ಮಾಡಬೇಕು, ಇಲ್ಲವೇ ತೆಳು ಮಾಡಬೇಕು.

ಆಮೇಲೆ ಪಿಸಿಆರ್‌ನಲ್ಲಿ ಐಟಿಎಸ್ ಎಂಬ ತುಣುಕನ್ನು ಮಾತ್ರ ಹೆಚ್ಚಿಸುತ್ತಾರೆ. ರೈಬೋಸೋಮ್ ಜೀನ್‌ಗಳ ನಡುವಿನ ಈ ಭಾಗ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. 2012ರಲ್ಲಿ ಇದನ್ನೇ ಶಿಲೀಂಧ್ರಗಳನ್ನು ಗುರುತಿಸುವ ಬಾರ್‌ಕೋಡ್ ಆಗಿ ಪ್ರಸ್ತಾಪಿಸಲಾಯಿತು. ಅದನ್ನು ಸೀಕ್ವೆನ್ಸ್ ಮಾಡಿ, ಅಂದರೆ ಅದರ ಅಕ್ಷರಕ್ರಮ ಓದಿ, ಶಿಲೀಂಧ್ರಗಳ ಐಟಿಎಸ್ ಸಂಗ್ರಹವಾದ ಯುನೈಟ್ ಡೇಟಾಬೇಸ್ ಜೊತೆ ಹೋಲಿಸುತ್ತಾರೆ. ಆರ್ಬಸ್ಕುಲರ್ ಗುಂಪಿಗೆ ಮಾತ್ರ ಐಟಿಎಸ್ ಅಷ್ಟು ಒಗ್ಗುವುದಿಲ್ಲ, 18ಎಸ್ ಎಂಬ ರೈಬೋಸೋಮ್ ಜೀನ್ ಬಳಸುವುದು ಜಾಸ್ತಿ.

ನನಗೆ ತುಂಬ ಇಷ್ಟವಾದ ಉದಾಹರಣೆ ಆರ್ಕಿಯೋರೈಜೋಮೈಸಿಟೀಸ್ ಎಂಬ ಶಿಲೀಂಧ್ರ ವರ್ಗ. ಬೇರೆ ಬೇರೆ ಕಡೆಯ ಮಣ್ಣಿನ ಡಿಎನ್‌ಎಯಲ್ಲಿ ಇದರ ಗುರುತು ಪದೇ ಪದೇ ಸಿಗುತ್ತಿತ್ತು, ಜೀವಿ ಯಾವುದು ಅಂತ ಮಾತ್ರ ಗೊತ್ತಿರಲಿಲ್ಲ. 2011ರಲ್ಲಿ ವಿಜ್ಞಾನಿ ಅನ್ನಾ ರೋಸ್ಲಿಂಗ್ ಮತ್ತು ಸಂಗಡಿಗರು ಅದನ್ನು ಬೆಳೆಸಿ, ಹೊಸ ವರ್ಗವೆಂದೇ ಹೆಸರಿಟ್ಟರು. ಎಂಥ ಸೊಗಸಾದ ಶೋಧ, ಅಲ್ವಾ?

ಒಂದು ಎಚ್ಚರಿಕೆ. ಸೀಕ್ವೆನ್ಸ್ ಹೆಚ್ಚು ಬಂತೆಂದರೆ ಆ ಶಿಲೀಂಧ್ರ ಹೆಚ್ಚಿದೆ ಎಂದು ಸುಮ್ನೆ ಹೇಳಬೇಡಿ. ಓದುವ ಈ ಐಟಿಎಸ್ ತುಣುಕಿನ ಪ್ರತಿಗಳ ಸಂಖ್ಯೆ ಎಲ್ಲದರಲ್ಲೂ ಒಂದೇ ಅಲ್ಲ. ಸತ್ತವುಗಳ ಡಿಎನ್‌ಎಯೂ ಮಣ್ಣಿನಲ್ಲಿ ಉಳಿದಿರುತ್ತದೆ. ಈಗ ಚಟುವಟಿಕೆಯಿಂದಿರುವುದು ಯಾವುದು ಎಂದು ತಿಳಿಯಲು ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ನೋಡಬೇಕು. ಅದು ಬೇಗ ಹಾಳಾಗುತ್ತದೆ, ಹಾಗಾಗಿ ಮಣ್ಣು ತೆಗೆದ ಕೂಡಲೇ ಫ್ರೀಜ್ ಮಾಡಿ.