ರಿಸರ್ಚ್ ನರ್ಸ್ ಆದ ಮೇಲೆ ‘ನೀ ಈಗ ನರ್ಸ್ ಅಲ್ಲ’ ಅಂತಾರೆ, ಏನು ಮಾಡಲಿ?

ವಾರ್ಡ್ ಬಿಟ್ಟು ಕ್ಲಿನಿಕಲ್ ಟ್ರಯಲ್ (ಔಷಧಿ, ಚಿಕಿತ್ಸೆಗಳನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಸಂಶೋಧನೆ) ಕೆಲಸಕ್ಕೆ ಸೇರಿದ್ದೀರಿ, ಹಳೆಯ ಜೊತೆಗಾರರು ‘ಫೈಲ್ ಸಿಸ್ಟರ್’ ಅಂತ ಆಡಿಕೊಳ್ಳುತ್ತಾರೆ, ಈಗ ನಿಮಗೂ ಅದು ನಿಜ ಅನ್ನಿಸುತ್ತಿದೆ ಅಂತ ಬರೆದಿದ್ದೀರಿ. ನಾನೂ ಬೆಳಗಾವಿಯಲ್ಲಿ ಹೆರಿಗೆಗೆ ಸಂಬಂಧಿಸಿದ ಟ್ರಯಲ್‌ಗಳಲ್ಲಿ ಕೆಲಸ ಮಾಡುವವಳು. ಫೈಲ್ ಜಾಸ್ತಿ ಅನ್ನೋದು ಸುಳ್ಳಲ್ಲ. ಆದರೆ ಬರೀ ಫೈಲ್ ತುಂಬಿಸೋದೇ ಆಗಿದ್ದರೆ ನರ್ಸ್ ಯಾಕೆ ಬೇಕಿತ್ತು? ಕಂಪ್ಯೂಟರ್ ಬರುವ ಯಾರಾದರೂ ಸಾಕಿತ್ತು.

ಕನ್ಸೆಂಟ್, ಅಂದರೆ ಟ್ರಯಲ್‌ಗೆ ಸೇರಲು ಒಪ್ಪಿಗೆ, ತೆಗೆದುಕೊಳ್ಳುವ ಹೊತ್ತನ್ನೇ ನೋಡಿ. ಖಾನಾಪುರ ಕಡೆಯ ಗರ್ಭಿಣಿ, ಜೊತೆಗೆ ಅತ್ತೆ. ನಾವು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ: ‘ಡಾಕ್ಟ್ರು ಹೇಳ್ಯಾರಲ್ರಿ, ಸಹಿ ಎಲ್ಲಿ ಮಾಡಬೇಕು ಹೇಳ್ರಿ.’ ಹುಡುಗಿ ತಾಯಿ ಕಾರ್ಡ್ ಮಡಚೋದು, ಬಿಚ್ಚೋದು ಮಾಡ್ತಾ ಸುಮ್ಮನೆ ಕೂತಿರುತ್ತಾಳೆ. ಅತ್ತೆಯನ್ನು ಹೊರಗೆ ಕೂರಿಸಿ, ಬಿಪಿ ಪಟ್ಟಿ ಕಟ್ಟುತ್ತಾ, ‘ಬ್ಯಾಡ ಅಂದ್ರೂ ನಿನ್ನ ಹೆರಿಗಿ ಇಲ್ಲೇ ಆಗ್ತದವಾ, ಏನೂ ಕಡಿಮಿ ಮಾಡೂದಿಲ್ಲ’ ಅಂದಾಗ ಅವಳು ಮೊದಲ ಸಲ ತಲೆ ಎತ್ತಿ ಪ್ರಶ್ನೆ ಕೇಳುತ್ತಾಳೆ. ಓದು ಬಾರದವರಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಬೇಕು ಅಂತ ನಿಯಮವಿದೆ, ಸರಿ. ಅವಳ ಬಾಯಿ ಬಿಡಿಸುವ ಕೆಲಸ ಯಾವ ನಿಯಮದಿಂದಲೂ ಆಗೋದಿಲ್ಲ.

ನರ್ಸ್‌ಗಳಿಲ್ಲದೆ ಟ್ರಯಲ್ ನಡೆಯೋದಿಲ್ಲ ಅನ್ನೋದಕ್ಕೆ ದೂರ ಹೋಗೋದೇ ಬೇಡ. ಹೆರಿಗೆ ನಂತರದ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆಯ ಟ್ರಯಲ್ ನಡೆದದ್ದು ನಮ್ಮ ಜಿಲ್ಲೆಯ ಹಳ್ಳಿಗಳಲ್ಲೇ, 1,620 ಹೆಂಗಸರ ಮೇಲೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2006ರಲ್ಲಿ. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. ಮಾತ್ರೆ ಕೊಟ್ಟವರು, ಬಾಣಂತಿಯ ಕೆಳಗೆ ಅಳತೆ ಗುರುತಿನ ಪ್ಲಾಸ್ಟಿಕ್ ಹಾಸಿ ರಕ್ತ ಅಳೆದವರು ಎಎನ್‌ಎಂ (ಹಳ್ಳಿಯ ಆರೋಗ್ಯ ಕೇಂದ್ರದ ಸಹಾಯಕ ನರ್ಸ್) ಅಕ್ಕಂದಿರು. ಪೇಪರಿನ ಮೇಲೆ ಡಾಕ್ಟರ ಹೆಸರು ಇರುತ್ತದೆ, ಇರಲಿ ಬಿಡಿ.

ನಿಜವಾಗಿ ಮನಸ್ಸಿಗೆ ಹತ್ತುವುದು ಈ ಅಡ್ಡಹೆಸರಲ್ಲ. ತಿಂಗಳುಗಟ್ಟಲೆ ಫೋನ್ ಮಾಡಿ ಕರೆಸಿಕೊಂಡ ಹೆಣ್ಣುಮಗಳ ಕೂಸು ಉಳಿಯದೇ ಹೋದಾಗ, 24 ಗಂಟೆಯೊಳಗೆ ಎಸ್‌ಎಇ (ಗಂಭೀರ ಪ್ರತಿಕೂಲ ಘಟನೆ) ರಿಪೋರ್ಟ್ ಹೋಗಬೇಕು. ಯಾವಾಗ ನೋವು ಬಂತು, ಯಾವಾಗ ದಾಖಲಾದಳು, ಒಂದೊಂದು ಸಮಯವನ್ನೂ ಜೋಡಿಸಿ ಕೊಡುವವರು ನಾವೇ. ಅವಳಿಗೆ ಸಿಕ್ಕಿದ್ದು ಔಷಧಿಯೋ ಪ್ಲಸೀಬೋ (ಔಷಧಿಯಿಲ್ಲದ ಹುಸಿ ಮಾತ್ರೆ) ಅನ್ನೋದೂ ನಮಗೆ ಗೊತ್ತಿರೋದಿಲ್ಲ. ರಿಪೋರ್ಟ್ ಹೋಯಿತಾ ಅಂತ ಎಲ್ಲರೂ ಕೇಳುತ್ತಾರೆ, ಸಿಸ್ಟರ್ ಊಟ ಮಾಡಿದರಾ ಅಂತ ಯಾರೂ ಕೇಳೋದಿಲ್ಲ. ಇದಕ್ಕಾಗಿ ನಿಮ್ಮ ಪಿಐ (ಟ್ರಯಲ್‌ನ ಮುಖ್ಯ ಸಂಶೋಧಕರು) ಹತ್ತಿರ ಒಂದು ಪದ್ಧತಿ ಕೇಳಿ: ಇಂಥ ಪ್ರತಿ ಘಟನೆಯಾದ ಮೇಲೆ ನರ್ಸ್‌ಗಳು, ಕೋಆರ್ಡಿನೇಟರ್ ಫೈಲ್ ಮುಚ್ಚಿಟ್ಟು ಹದಿನೈದು ನಿಮಿಷ ಕೂತು ಮಾತಾಡಬೇಕು. ನಮ್ಮಲ್ಲಿ ಇದು ಶುರುವಾದ ಮೇಲೆ ರಾತ್ರಿ ಒಬ್ಬರಿಗೊಬ್ಬರು ಅತ್ತುಕೊಂಡು ಫೋನ್ ಮಾಡೋದು ಕಡಿಮೆಯಾಗಿದೆ. ಅಷ್ಟಾದರೂ ನಿದ್ದೆ ಬರದಿದ್ದರೆ ಸೈಕಿಯಾಟ್ರಿ ಒಪಿಡಿಗೆ ಹೋಗಲು ಸಂಕೋಚ ಬೇಡ. ಬೇರೆಯವರಿಗೆ ನಾವೇ ಅಲ್ಲವಾ ಹೇಳೋದು?

ಇನ್ನು ಕಾಗದಪತ್ರ. ಡೆಲಿಗೇಶನ್ ಲಾಗ್‌ನಲ್ಲಿ (ಟ್ರಯಲ್‌ನಲ್ಲಿ ಯಾರಿಗೆ ಯಾವ ಕೆಲಸ ಅನ್ನೋ ದಾಖಲೆ) ನಿಮ್ಮ ಹೆಸರಿನ ಮುಂದೆ ಬರೀ ‘ಡೇಟಾ ಎಂಟ್ರಿ’ ಇದ್ದು, ನೀವು ಮಾಡುತ್ತಿರೋದು ಕನ್ಸೆಂಟ್, ಸ್ಯಾಂಪಲ್, ಫಾಲೋಅಪ್ ಆಗಿದ್ದರೆ ಇವತ್ತೇ ಸರಿ ಮಾಡಿಸಿ. ಅನುಭವ ಪತ್ರದಲ್ಲೂ ‘ರಿಸರ್ಚ್ ನರ್ಸ್’ ಅಂತಲೇ ಬರಬೇಕು. ನನ್ನ ಗೆಳತಿಗೆ ಒಂದು ಕಡೆ ‘ಪ್ರಾಜೆಕ್ಟ್ ಸಹಾಯಕಿ’ ಅಂತ ಕೊಟ್ಟು, ಮುಂದಿನ ಸಂದರ್ಶನದಲ್ಲಿ ಅವಳು ಅರ್ಧ ಹೊತ್ತು ಅದನ್ನೇ ವಿವರಿಸಬೇಕಾಯಿತು. ಅಮೆರಿಕದ ನರ್ಸ್‌ಗಳ ಸಂಘ 2016ರಲ್ಲೇ ಕ್ಲಿನಿಕಲ್ ರಿಸರ್ಚ್ ನರ್ಸ್ ಕೆಲಸವನ್ನು ನರ್ಸಿಂಗ್‌ನ ಪ್ರತ್ಯೇಕ ವಿಭಾಗ ಅಂತ ಒಪ್ಪಿಕೊಂಡಿದೆ, ಹಾಗಾಗಿ ಕೇಳೋಕೆ ನಾಚಿಕೆ ಬೇಡ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತೆ ಅನ್ನೋದು ನೆನಪಿರಲಿ: ನರ್ಸಿಂಗ್ ಕೌನ್ಸಿಲ್ ನೋಂದಣಿ, ಜಿಸಿಪಿ (ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳ ತರಬೇತಿ) ಸರ್ಟಿಫಿಕೇಟ್ ಎರಡರ ಅವಧಿಯನ್ನೂ ಆಗಾಗ ನೋಡಿಕೊಳ್ಳಿ.