ವರ್ಚುವಲ್ ಮಷಿನ್‌ನ ಕನ್ಸೋಲ್ ಏಕೆ ಮೌನವಾಗಿದೆ?

ಪ್ರಶ್ನೆ: ಕಾಲೇಜಿನ ಲ್ಯಾಬ್‌ನ ಸರ್ವರ್‌ನಲ್ಲಿ ಕೆವಿಎಂ ಎಂಬ ಲಿನಕ್ಸ್ ಸೌಲಭ್ಯ ಬಳಸಿ ಉಬುಂಟುವಿನ ಒಂದು ವರ್ಚುವಲ್ ಮಷಿನ್ (ಸರ್ವರ್‌ನೊಳಗೆ ತಂತ್ರಾಂಶದಿಂದಲೇ ನಡೆಯುವ ಕಂಪ್ಯೂಟರ್) ಮಾಡಿಕೊಂಡಿದ್ದೇನೆ. ಅದರ ಕನ್ಸೋಲ್‌ಗೆ ಸೇರಿಸುವ ‘ವಿರ್ಶ್ ಕನ್ಸೋಲ್’ ಕಮಾಂಡ್ ಕೊಟ್ಟರೆ ಸಂಪರ್ಕವಾಯಿತೆಂಬ ಸಾಲು ಬಂದು ಅಲ್ಲಿಗೇ ನಿಲ್ಲುತ್ತದೆ. ಎಂಟರ್ ಒತ್ತಿದರೂ ಲಾಗಿನ್ ಕೇಳುವುದಿಲ್ಲ. ಮಷಿನ್ ಕೆಟ್ಟಿದೆಯೇ? ಅದರ ಪರದೆಯನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಬಹುದೇ?
— ಬಿ.ಸಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಷಿನ್ ಕೆಟ್ಟಿರುವ ಸಂಭವ ಕಡಿಮೆ. ವರ್ಚುವಲ್ ಮಷಿನ್‌ಗೆ ಸಾಮಾನ್ಯವಾಗಿ ಎರಡು ಬಾಗಿಲುಗಳಿರುತ್ತವೆ: ಅಕ್ಷರಗಳಷ್ಟೇ ಹರಿಯುವ ಸೀರಿಯಲ್ ಕನ್ಸೋಲ್ ಒಂದು, ದೂರದ ಪರದೆಯನ್ನು ತೋರಿಸುವ ವಿಎನ್‌ಸಿ ಅಥವಾ ಸ್ಪೈಸ್ ಮೂಲಕ ಕಾಣುವ ಚಿತ್ರಪರದೆ ಇನ್ನೊಂದು. ನೀವು ತಟ್ಟುತ್ತಿರುವುದು ಮೊದಲನೆಯದನ್ನು. ಒಳಗಿನ ಉಬುಂಟು ಲಾಗಿನ್ ಕೇಳುತ್ತಿರುವುದು ಬಹುಶಃ ಎರಡನೆಯದರಲ್ಲಿ ಮಾತ್ರ.

ಆದ್ದರಿಂದ ಮೊದಲು ಚಿತ್ರಪರದೆಯನ್ನು ತೆರೆಯಿರಿ. ಸರ್ವರ್‌ನಲ್ಲಿ ‘ವಿರ್ಶ್ ಡೊಮ್‌ಡಿಸ್‌ಪ್ಲೇ’ ಎಂದು ಬರೆದು ಮಷಿನ್‌ನ ಹೆಸರು ಕೊಟ್ಟರೆ ಅದರ ವಿಳಾಸ ಸಿಗುತ್ತದೆ. ವಿಎನ್‌ಸಿಯ ವಿಳಾಸದ ಕೊನೆಯಲ್ಲಿ 0 ಇದ್ದರೆ ಪೋರ್ಟ್ (ಸಂಪರ್ಕದ ದ್ವಾರದ ಸಂಖ್ಯೆ) 5900, 1 ಇದ್ದರೆ 5901. ಈ ಪೋರ್ಟ್ ಸಾಮಾನ್ಯವಾಗಿ 127.0.0.1ಕ್ಕೆ, ಅಂದರೆ ಸರ್ವರ್‌ನ ಒಳಗಷ್ಟೇ ತೆರೆದಿರುವುದರಿಂದ ಲ್ಯಾಪ್‌ಟಾಪ್‌ನಿಂದ ನೇರವಾಗಿ ತಲುಪದು. ದಯವಿಟ್ಟು ಅದನ್ನು ಇಡೀ ಕಾಲೇಜಿನ ನೆಟ್‌ವರ್ಕ್‌ಗೆ ತೆರೆದಿಡಬೇಡಿ. ವಿಎನ್‌ಸಿಯ ಹಳೆಯ ಪಾಸ್‌ವರ್ಡ್ ಪದ್ಧತಿ ಮೊದಲ 8 ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಗೂಢಲಿಪಿಯಲ್ಲಿ ಸಂಪರ್ಕಿಸುವ ವಿಧಾನ) ಸುರಂಗದ ಮೂಲಕ ಆ ಪೋರ್ಟನ್ನು ಲ್ಯಾಪ್‌ಟಾಪ್‌ಗೆ ತಂದುಕೊಂಡು ಯಾವುದೇ ವಿಎನ್‌ಸಿ ವ್ಯೂವರ್‌ನಲ್ಲಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ವರ್ಟ್-ವ್ಯೂವರ್ ಎಂಬ ವ್ಯೂವರ್ ಹಾಕಿಕೊಳ್ಳಿ. ಸರ್ವರ್‌ನ ಎಸ್‌ಎಸ್‌ಎಚ್ ವಿಳಾಸ ಕೊಟ್ಟರೆ ಸುರಂಗವನ್ನು ಅದೇ ನಿರ್ಮಿಸಿಕೊಳ್ಳುತ್ತದೆ.

ಹಾಗೆ ಲಾಗಿನ್ ಆದ ಮೇಲೆ ಸೀರಿಯಲ್ ಕನ್ಸೋಲನ್ನೂ ಸರಿಪಡಿಸಿಬಿಡಿ, ಇದನ್ನು ಮುಂದೂಡಬೇಡಿ. ವರ್ಚುವಲ್ ಮಷಿನ್‌ನ ಒಳಗೆ ಗ್ರಬ್ (ಲಿನಕ್ಸನ್ನು ಶುರುಮಾಡುವ ತಂತ್ರಾಂಶ) ಸೆಟ್ಟಿಂಗ್‌ನ ಕರ್ನಲ್ ಸಾಲಿಗೆ ‘ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0’ ಎಂಬುದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ‘ಎಸ್’ ಒಂದನ್ನು ಮಾತ್ರ ದೊಡ್ಡಕ್ಷರದಲ್ಲಿ ಸೇರಿಸಿ, ‘ಅಪ್‌ಡೇಟ್-ಗ್ರಬ್’ ಓಡಿಸಿ ರೀಬೂಟ್ ಮಾಡಿ. ಆಗ ಬೂಟ್ ಆಗುವಾಗಿನ ಸಂದೇಶಗಳೂ ಕೊನೆಗೆ ಲಾಗಿನ್ ಕೂಡ ‘ವಿರ್ಶ್ ಕನ್ಸೋಲ್’ನಲ್ಲಿ ಕಾಣುತ್ತವೆ. ಮುಂದೊಂದು ದಿನ ಮಷಿನ್‌ನ ಐಪಿ ವಿಳಾಸ ತಪ್ಪಾಗಿ ಅದಕ್ಕೆ ಎಸ್‌ಎಸ್‌ಎಚ್ ಮಾಡಲಾಗದಿದ್ದಾಗ, ನೆಟ್‌ವರ್ಕ್ ನಿಧಾನವಾಗಿ ಚಿತ್ರಪರದೆ ತೆವಳುವಾಗ, ನಿಮ್ಮ ಕೈಹಿಡಿಯುವುದು ಇದೇ.

ಕನ್ಸೋಲ್‌ನಿಂದ ಹೊರಬರಲು ಕಂಟ್ರೋಲ್ ಕೀಲಿ ಹಿಡಿದು ಮುಚ್ಚುವ ಚೌಕ ಆವರಣದ ಕೀಲಿ ಒತ್ತಿ. ಮಷಿನ್ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಚಿತ್ರಪರದೆಯೊಳಗೆ ಮೌಸ್ ಸಿಕ್ಕಿಕೊಂಡರೆ ವರ್ಟ್-ವ್ಯೂವರ್‌ನಲ್ಲಿ ಎಡಬದಿಯ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಿಡುತ್ತದೆ.